ತುಟಿ ಕಾಣುವಂತೆ ಮಾಡಿದ ರಾಜೇಸಾಬ

ಬಲು ಹಿಂದಿನ ಮಾತು, ಕೇಳಿರಿ. ಮದುವೆ, ಬಸುರಿಯ ಕುಬುಸ, ಮಗುವಿನ ಜವಳ ಎಲ್ಲವೂ ಹೊಳೆಯುವ ಡಿಸ್ಕಿನೊಳಗೆ ಹೋಗಿ ಕೂರುತ್ತಿದ್ದ ಕಾಲ. ಬೆಳ್ಳಿಕೊಪ್ಪ ಅನ್ನುವ ಒಂದು ಊರಿನಲ್ಲಿ ರಾಜೇಸಾಬ ಅಂತ ಒಬ್ಬನಿದ್ದ. ಮನೆಮನೆಯ ಹಳೆಯ ವಿಡಿಯೋ ಕ್ಯಾಸೆಟ್ಟುಗಳನ್ನು ಡಿವಿಡಿ ಮಾಡಿಕೊಡುವುದು ಅವನ ಕಸುಬು.

ಅವನು ಕ್ಯಾಸೆಟ್ಟನ್ನು ಮೂಸಿ ನೋಡಿ, ಅದು ಎಷ್ಟು ಮಳೆಗಾಲ ಕಂಡಿದೆ ಅಂತ ಹೇಳುತ್ತಿದ್ದನಂತೆ. ಅವನು ಮಾಡಿದ ಡಿವಿಡಿಯಲ್ಲಿ ಮದುಮಗಳ ಮೂಗುತಿಯ ಹರಳು ಎಣಿಸಬಹುದಿತ್ತಂತೆ. ಒಬ್ಬ ಮುದುಕಿ ಟಿವಿಯೊಳಗಿನ ಜಿಲೇಬಿಗೆ ಕೈ ಚಾಚಿದಳು ಅಂತಲೂ ಹೇಳುತ್ತಾರೆ. ಜಿಲೇಬಿಯ ಮಾತು ನಾನು ನಂಬುವುದಿಲ್ಲ. ಸಾಂತವ್ವನ ಮಾತು ಮಾತ್ರ ನಂಬುತ್ತೇನೆ.

ಸಾಂತವ್ವನಿಗೆ ಹತ್ತು ವರ್ಷವಿದ್ದಾಗ ಜ್ವರ ಬಂದು ಕಿವಿ ಹೋಗಿತ್ತು. ಮಾತು ಉಳಿದಿತ್ತು. ಎದುರಿನವರ ತುಟಿ ನೋಡಿಯೇ ಎಲ್ಲ ತಿಳಿದುಕೊಳ್ಳುತ್ತಿದ್ದಳು. ತಂಗಿ ಫಕೀರವ್ವನ ಮದುವೆಯ ದಿನ ಸಾಂತವ್ವನ ಕೈಜಾರಿ ತುಪ್ಪದ ಗಡಿಗೆ ಒಡೆಯಿತು. ತಾಯಿ ಬೀಗರೆದುರಿಗೇ ಬೈದಳು. ಸಾಂತವ್ವ ಮುನಿಸಿಕೊಂಡು ಹಿತ್ತಲಿಗೆ ಹೋದವಳು ಆ ದಿನ ಊಟಕ್ಕೂ ಬರಲಿಲ್ಲ. ವರ್ಷ ತುಂಬುವುದರೊಳಗೆ ತಾಯಿ ತೀರಿಕೊಂಡಳು.

ಆ ಮದುವೆಯ ಕ್ಯಾಸೆಟ್ಟಿನಲ್ಲಿ ಒಂದು ಕಡೆ ತಾಯಿ ಹಿತ್ತಲ ಕಡೆ ಕೈ ತೋರಿಸಿ, ಹುಬ್ಬು ಗಂಟಿಕ್ಕಿ, ಪಕ್ಕದವಳಿಗೆ ಏನೋ ಹೇಳುತ್ತಾಳೆ. ಬಾಜಾದವರ ಗದ್ದಲದಲ್ಲಿ ಅದೇನೆಂದು ಕಿವಿ ಇದ್ದವರಿಗೂ ಕೇಳದು. ಸಾಂತವ್ವನಿಗೆ ತುಟಿ ಓದಲು ಬರುತ್ತದೆ, ಆದರೆ ಚಿತ್ರ ಮಸುಕು. ಪೇಟೆಯ ಒಂದು ಅಂಗಡಿಯಲ್ಲಿ ಡಿವಿಡಿ ಮಾಡಿಸಿ ತಂದರು. ಅದರಲ್ಲಿ ತಾಯಿಯ ಬಾಯಿ ಇದ್ದ ಜಾಗದಲ್ಲಿ ಬರೀ ಚೌಕ ಚೌಕದ ಕಲೆ.

ಆಗ ಅಕ್ಕತಂಗಿಯರು, ಫಕೀರವ್ವನ ಗಂಡ, ಮೂವರೂ ರಾಜೇಸಾಬನ ಹತ್ತಿರ ಬಂದರು. ಅವನು ಡಿಸ್ಕನ್ನು ಬಿಸಿಲಿಗೆ ಹಿಡಿದು ನೋಡಿದ.

"ಇದರಾಗ ಏನೇನು ತುಂಬ್ಯಾರ್ರಿ?"

"ಮದುವಿ, ಹುಡುಗನ ಜವಳ, ಮನಿ ಶಾಂತಿ, ಎಲ್ಲಾ ಒಂದರಾಗ," ಅಂದ ಗಂಡ ಹೆಮ್ಮೆಯಿಂದ. "ಆರು ತಾಸಿಂದು."

"ಒಂದು ಚೀಲಕ್ಕ ಆರು ಚೀಲದ ಜ್ವಾಳ ತುರುಕಿದ್ರ ಕಾಳು ಕಾಳಾಗಿ ಉಳಿಯಂಗಿಲ್ರಿ, ನುಚ್ಚಾಗ್ತದ. ನಾ ಒಂದು ಡಿಸ್ಕಿಗೆ ಒಂದು ತಾಸಷ್ಟೇ ಹಾಕಾಂವ."

ಗಂಡನಿಗೆ ಅದು ಹಿಡಿಸಲಿಲ್ಲ. ಸಾಂತವ್ವ ಮಾತ್ರ ರಾಜೇಸಾಬನ ತುಟಿಯನ್ನೇ ನೋಡುತ್ತಿದ್ದಳು. "ಅಣ್ಣಾ, ನಮ್ಮವ್ವ ನನಗ ಶಾಪ ಹಾಕಿದಳೋ ಏನೋ, ಅಷ್ಟು ತಿಳಿದ್ರ ಸಾಕು," ಅಂದಳು. ರಾಜೇಸಾಬ ಕ್ಯಾಸೆಟ್ಟು ಕೊಡಿರಿ ಅಂತ ಕೈ ಒಡ್ಡಿದ.

ಮೊದಲು ಅವರ ಮನೆಯ ಕ್ಯಾಸೆಟ್ಟನ್ನೇ ಹಾಕಿ ನೋಡಿದ. ಯಂತ್ರದ ಟೇಪು ಓದುವ ಹೆಡ್ಡು ಒರೆಸಿದ, ವೈರು ಬದಲಿಸಿದ. ತುಟಿ ಅಲುಗುವುದು ಕಂಡಿತು, ಮಾತು ಕಾಣಲಿಲ್ಲ. ಅದು ನಕಲಿನ ನಕಲು ಅಂತ ಅವನಿಗೆ ಗೊತ್ತಾಯಿತು. ಇಲ್ಲದ ಚಿತ್ರವನ್ನು ಯಾವ ಡಿವಿಡಿಯೂ ಹುಟ್ಟಿಸಲಾರದು. ಅಂಗಡಿಗೆ ಬೀಗ ಹಾಕಿ, ಮದುವೆಗೆ ಕ್ಯಾಮೆರಾ ಹಿಡಿದಿದ್ದವನನ್ನು ಹುಡುಕಿಕೊಂಡು ಸೈಕಲ್ ಹತ್ತಿದ. ಮೂರು ಊರು ತಿರುಗಿದ ಅಂತಾರೆ. ಏಳು ಊರು ಅಂತಾರೆ. ನಮ್ಮ ಓಣಿಯವರು ಹನ್ನೆರಡಕ್ಕೆ ಕಮ್ಮಿ ಒಪ್ಪುವುದಿಲ್ಲ.

ಆ ಕ್ಯಾಮೆರಾದವನು ಈಗ ಹಿಟ್ಟಿನ ಗಿರಣಿ ಇಟ್ಟಿದ್ದ. ಕ್ಯಾಮೆರಾದಿಂದ ನೇರ ಇಳಿದ ಮೊದಲನೇ ಟೇಪು ಅವನ ಅಟ್ಟದ ಮೇಲೆ ಸಿಕ್ಕಿತು, ಮೈತುಂಬ ಬಿಳಿ ಬೂಷ್ಟು. ಹಾಗೆಯೇ ಯಂತ್ರಕ್ಕೆ ಹಾಕಿದರೆ ಹರಿಯುತ್ತಿತ್ತು. ರಾಜೇಸಾಬ ಅದನ್ನು ನೆರಳಲ್ಲಿ ಒಣಗಿಸಿ, ಕೈಯಿಂದಲೇ ಮೊಳ ಮೊಳ ಬಿಚ್ಚುತ್ತಾ, ಮೆತ್ತನೆಯ ಅರಿವೆಯಿಂದ ಒರೆಸಿ ಮತ್ತೆ ಸುತ್ತಿದ. ಆ ದಿನಗಳಲ್ಲಿ ಅಂಗಡಿಯೊಳಗೆ ಫ್ಯಾನು ತಿರುಗಲಿಲ್ಲವಂತೆ, ಒಂದು ಧೂಳಿನ ಕಣ ಬೀಳಬಾರದು ಅಂತ. ಬೆವರು ಬೀಳಬಾರದು ಅಂತ ಹಣೆಗೆ ಟವೆಲ್ ಕಟ್ಟಿದ್ದನಂತೆ. ಆಮೇಲೆ ಒಂದೊಂದು ತಾಸನ್ನು ಒಂದೊಂದು ಡಿಸ್ಕಿಗೆ, ಯಂತ್ರವನ್ನು ಅವಸರ ಮಾಡದೆ ನಿಧಾನಕ್ಕೆ ಓಡಿಸಿ ಇಳಿಸಿದ.

ಮೂವರನ್ನೂ ಕರೆಸಿ, ತಾಯಿಯ ಆ ಚಿತ್ರವಿದ್ದ ಎರಡನೇ ಡಿಸ್ಕು ಹಾಕಿದ. ತಾಯಿ ಬಂದಳು, ಕೈ ತೋರಿಸಿದಳು, ಮಾತಾಡಿದಳು. ಸಾಂತವ್ವ ಟಿವಿಯ ಮುಂದೆ ಮಂಡಿಯೂರಿದಳು. ಇನ್ನೊಮ್ಮೆ ಹಾಕು ಅಂದಳು. ರಾಜೇಸಾಬನಿಗೆ ಚಿತ್ರ ನೋಡುವ ಧೈರ್ಯ ಇರಲಿಲ್ಲ, ಆಕೆಯ ಮುಖ ನೋಡುತ್ತಾ ನಿಂತ. ಶಾಪವೇ ಆಗಿದ್ದರೆ ಇಷ್ಟು ಸ್ಪಷ್ಟ ಮಾಡಿಕೊಟ್ಟ ಪಾಪ ತನ್ನದೇ ಅಲ್ಲವೇ ಅಂತ ಅವನು ಅಳುಕುತ್ತಿದ್ದ.

ಸಾಂತವ್ವ ತಾಯಿಯ ಮಾತನ್ನು ಒಂದೊಂದಾಗಿ ಎತ್ತಿ ಹೇಳಿದಳು. "ಸಾಂತಿ... ಉಂಡಿಲ್ಲ. ಆಕಿ ಪಾಲಿನ ಹೋಳಿಗಿ... ಮೂಲ್ಯಾಗಿನ ಗಡಿಗ್ಯಾಗ ಮುಚ್ಚಿಟ್ಟೀನಿ. ಬೀಗರ ಕೈಗೆ ಸಿಗದಂಗ ನೋಡ್ಕೋ."

ಸಾಂತವ್ವ ಕಣ್ಣೊರೆಸಿಕೊಂಡು ತಂಗಿಯ ಕಡೆ ತಿರುಗಿ ಹೇಳಿದಳು.

"ಅಯ್ಯ, ಆ ಹೋಳಿಗಿ ನಾಕು ದಿನ ಬಿಟ್ಟು ನನಗ ಸಿಕ್ಕಿತ್ತಲ್ಲೇ. ಯಾರೋ ಮರತಾರಂತ ಎಮ್ಮಿಗೆ ಹಾಕಿದೆ."

ಮೊದಲು ನಕ್ಕವಳು ಆಕೆಯೇ. ಆಮೇಲೆ ಅಂಗಡಿಯೆಲ್ಲ ನಕ್ಕಿತು. ರಾಜೇಸಾಬ ಹಣೆಯ ಟವೆಲ್ ಬಿಚ್ಚಿ ಮುಖ ಮುಚ್ಚಿಕೊಂಡು ನಕ್ಕನಂತೆ, ಅತ್ತನಂತೆ. ಎರಡೂ ಒಟ್ಟಿಗೇ ಅಂತಾರೆ.

ರಾಜೇಸಾಬ ಹೋಗಿ ಎಷ್ಟೋ ಕಾಲವಾಯಿತು, ಆ ಡಿಸ್ಕುಗಳ ಕಾಲವೂ ಹೋಯಿತು. ಆದರೆ ಬೆಳ್ಳಿಕೊಪ್ಪದ ಮದುವೆಗಳಲ್ಲಿ ಇವತ್ತಿಗೂ ಹಿರಿಯ ಹೆಂಗಸರು ಕ್ಯಾಮೆರಾದವನನ್ನು ಹತ್ತಿರ ಕರೆಯುತ್ತಾರೆ. ಬೆಳಕಿಗೆ ಮುಖ ಕೊಟ್ಟು, ಸೆರಗು ಸರಿಸಿ, ದನಿ ತೆಗೆಯದೆ ತುಟಿಯಲ್ಲೇ ನಿಧಾನವಾಗಿ ಒಂದು ಮಾತು ಹೇಳುತ್ತಾರೆ. ಯಾರಿಗೆ, ಏನು ಅಂತ ಕ್ಯಾಮೆರಾದವನು ಕೇಳುವ ಹಾಗಿಲ್ಲ. ಬೇಕಾದವರು ಎಂದೋ ಒಂದು ದಿನ ಓದಿಕೊಳ್ಳುತ್ತಾರೆ.