ಡಬ್ಬಿಯ ಮೇಲಿನ ಉದ್ದ ಪದ

ಹೊಳೆದಂಡೆಯ ಆಶ್ರಮವೊಂದರಲ್ಲಿ ಶಂಭುಲಿಂಗನೆಂಬ ಶಿಷ್ಯನಿದ್ದ. ಉದ್ದುದ್ದದ ಇಂಗ್ಲಿಷ್ ಪದಗಳಿಗೆ ಹೆದರಿ ಕಾಲೇಜು ಬಿಟ್ಟು ಬಂದವನು.

ಗುರುಗಳು ಒಂದು ಕಾಲಕ್ಕೆ ಇಂಗ್ಲಿಷ್ ಮೇಷ್ಟರಾಗಿದ್ದವರು. ಅವನನ್ನು ಕೂರಿಸಿಕೊಂಡು ಪದ ಬಿಡಿಸುವುದನ್ನು ಕಲಿಸಿದರು.

"ಮೊದಲು ತಲೆ ಬೇರೆ ಮಾಡು, ಆಮೇಲೆ ಬಾಲ. ಉಳಿದದ್ದನ್ನು ತುಂಡು ತುಂಡಾಗಿ ಓದು. ಕರೆಕ್ಟ್ ಅಂದರೆ ಸರಿ. ತಲೆಗೆ 'ಇನ್' ಬಂತೋ, ಇನ್‌ಕರೆಕ್ಟ್, ಅಂದರೆ ಸರಿಯಲ್ಲ."

ಒಂದು ಬೆಳಿಗ್ಗೆ ಅವನು ಅಡುಗೆಮನೆಯ ಬಾಗಿಲಿಗೆ ಬಣ್ಣ ಬಳಿಯುತ್ತಿದ್ದ. ಬಣ್ಣಕ್ಕೆ ಬೆರೆಸುವ ಥಿನ್ನರ್ ಡಬ್ಬಿಯನ್ನು, ಮುಚ್ಚಳ ತೆರೆದಂತೆಯೇ, ಒಲೆಯ ಪಕ್ಕ ಇಟ್ಟ.

ಅಡುಗೆಯ ದ್ಯಾವಮ್ಮ ಮೂಗು ಮುಚ್ಚಿಕೊಂಡಳು. "ಶಂಭಣ್ಣ, ಇದರ ವಾಸನೆ ಸೀಮೆಎಣ್ಣೆ ಥರ ಇದೆ. ಇಲ್ಲಿಡಬಹುದಾ?"

ಡಬ್ಬಿಯ ಮೇಲೆ ಕೆಂಪಕ್ಷರದ ಒಂದು ಪದ. ಶಂಭುಲಿಂಗ ತುಂಡು ತುಂಡಾಗಿ ಓದಿದ.

"ಇನ್... ಫ್ಲ್ಯಾ... ಮ... ಬಲ್."

ಎಲ್ಲೂ ತೊದಲಲಿಲ್ಲ. ಫ್ಲೇಮ್ ಅಂದರೆ ಉರಿ. ತಲೆಗೆ ಇನ್. ಅವನ ಮುಖ ಅರಳಿತು.

"ಹೊತ್ತಿಕೊಳ್ಳೋದಿಲ್ಲ ಅಂತ ಬರೆದಿದ್ದಾರೆ. ಹೆದರಬೇಡಿ."

ದ್ಯಾವಮ್ಮ ನಂಬಿದಳು. ಸೌದೆಯನ್ನು ಒಳಗೆ ತಳ್ಳಿದಳು. ಕಿಡಿಯೊಂದು ಸಿಡಿದು, ಡಬ್ಬಿಯಿಂದ ಗೇಣು ದೂರದಲ್ಲಿ ಬಿದ್ದು ಆರಿತು.

"ದ್ಯಾವಮ್ಮ, ಹೊರಗೆ ಬಾಮ್ಮ. ಈಗಲೇ."

ಗುರುಗಳು ಹೊಸ್ತಿಲಲ್ಲಿ ನಿಂತಿದ್ದರು. ದನಿ ಎತ್ತರಿಸಿರಲಿಲ್ಲ. ಆಕೆ ಸೌಟು ಹಿಡಿದುಕೊಂಡೇ ಎದ್ದು ಬಂದಳು.

ಅವರು ಒಳಗೆ ಹೋದರು. ಮುಚ್ಚಳ ಬಿಗಿದರು. ಡಬ್ಬಿಯನ್ನು ಎದೆಗವಚಿಕೊಂಡು, ಮೆಲ್ಲಗೆ ನಡೆದು ಹೊಳೆಯ ಮರಳಿಗೆ ಬಂದರು. ಇಬ್ಬರೂ ಹಿಂದೆಯೇ ಬಂದರು.

ನಾಲ್ಕು ಹನಿ ಮರಳಿಗೆ ಸುರಿದು, ಡಬ್ಬಿಯನ್ನು ದೂರ ಇಟ್ಟು ಬಂದು ಕಡ್ಡಿ ಗೀರಿದರು.

ಭಗ್ಗೆಂದು ಉರಿ ಎದ್ದಿತು.

ದ್ಯಾವಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು. ಶಂಭುಲಿಂಗ ಎರಡು ಹೆಜ್ಜೆ ಹಿಂದೆ ಸರಿದ.

"ಇನ್ ಬಂದರೆ ಅಲ್ಲ ಅಂತ ನೀವೇ ಹೇಳಿದ್ದಿರಿ, ಗುರುಗಳೇ!"

"ಹೇಳಿದ್ದೆ. ಈ ಪದದಲ್ಲಿ ಹಾಗಲ್ಲ. ಥಟ್ಟನೆ ಹೊತ್ತಿಕೊಳ್ಳುವಂಥದ್ದು ಅಂತಲೇ ಇದರ ಅರ್ಥ. ಅದನ್ನು ನಾನು ಕಲಿಸಿರಲಿಲ್ಲ. ಆ ತಪ್ಪು ನನ್ನದು."

"ಪದವೇ ಹೀಗೆ ಮೋಸ ಮಾಡಿದರೆ ನನಗೆ ಗೊತ್ತಾಗೋದು ಹೇಗೆ?"

"ದ್ಯಾವಮ್ಮ ನಿನಗೆ ಏನೂ ಹೇಳಲಿಲ್ಲವೇ?"

"ಸೀಮೆಎಣ್ಣೆ ವಾಸನೆ ಅಂದರು." ಅವನು ತಲೆ ತಗ್ಗಿಸಿದ. "ಆದರೆ ಅವರಿಗೆ ಓದು ಬರೋದಿಲ್ಲವಲ್ಲ."

ಗುರುಗಳು ಉರಿಯ ಮೇಲೆ ಮರಳು ಎಳೆದರು.

"ನಿನಗೆ ಉದ್ದ ಪದ ಓದಲು ಬಾರದಿದ್ದಾಗ, ಶಂಭು, ನೀನು ಎಲ್ಲರನ್ನೂ ಕೇಳುತ್ತಿದ್ದೆ."