ಬೆಲ್ಲ ತಿಂದ ಪರೀಕ್ಷಕ

“ಅಜ್ಜಾ, ಊರೂರಿಗೆ ನೀರು, ಕರೆಂಟು ಕೊಡುವ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಕಚೇರಿಯಲ್ಲಿ ನನಗೆ ಕೆಲಸವಾಗಿದೆ. ನಾಳೆ ಮೊದಲ ತಪಾಸಣೆ. ಲಂಚ ಮುಟ್ಟದಿದ್ದರೆ ಸಾಕಲ್ಲವೇ?” ಎಂದು ದಾಕ್ಷಾಯಣಿ ಕೇಳಿದಳು.

ಹುಚ್ಚೀರಜ್ಜ ಓದಿದವನಲ್ಲ. ಆದರೂ ಜಗಲಿಗೆ ಬಂದವರೆಲ್ಲ ಅವನನ್ನು ಗುರು ಎನ್ನುತ್ತಿದ್ದರು. ಅವನು ಮೀಸೆ ತೀಡಿದ.

“ಕೇಳು ತಂಗೀ. ಒಬ್ಬ ರಾಜನಿದ್ದ. ನನ್ನನ್ನು ಕೇಳದೆ ಅವನು ಊಟಕ್ಕೂ ಕೂರುತ್ತಿರಲಿಲ್ಲ. ಸುಳ್ಳೆನ್ನಲು ಅವನ ಊರಿನವರು ಒಬ್ಬರೂ ಈಗ ಉಳಿದಿಲ್ಲ.”

ದಾಕ್ಷಾಯಣಿ ಬಾಯಿ ತೆರೆಯುವ ಮೊದಲೇ ಅವನು ಕತೆ ಹಿಡಿದ.

ಆ ಊರಿಗೆ ಇದ್ದದ್ದು ಒಂದೇ ಬಾವಿ. ರಾಜ ಅದನ್ನು ಒಬ್ಬ ವರ್ತಕನ ಕೈಗೆ ಕೊಟ್ಟ. ವರ್ತಕ ನೀರು ಸೇದಿಸಿ ಮನೆಮನೆಗೆ ಮಾರಬೇಕು. ಬೇರೆ ಯಾರೂ ಬಾವಿ ತೋಡುವಂತಿಲ್ಲ. ಹಾಗಂತ ಅವನು ಆಡಿದ್ದೇ ಆಟವಾಗಬಾರದಲ್ಲ? ರಾಜ ಒಬ್ಬ ಪರೀಕ್ಷಕನನ್ನು ನೇಮಿಸಿದ. ಪರೀಕ್ಷಕ ಅಪ್ಪಟ ಪ್ರಾಮಾಣಿಕ. ಕಾಣಿಕೆ ತಂದವರನ್ನು ಬೀದಿಯ ತುದಿಯವರೆಗೆ ಅಟ್ಟಿಸಿಕೊಂಡು ಹೋಗುತ್ತಿದ್ದ.

ವರ್ತಕ ಬಾವಿಯ ಪಕ್ಕದಲ್ಲೇ ನೂಲಿಗೆ ಬಣ್ಣ ಹಾಕುವ ಗುಂಡಿ ತೆಗೆಸಿದ. ಬಣ್ಣದ ನೀರು ಬಾವಿಗೆ ಇಳಿಯಿತು. ಕುಡಿಯುವ ನೀರು ಕಹಿಯಾಯಿತು. ಮಕ್ಕಳು ವಾಂತಿ ಮಾಡಿಕೊಂಡು ಮಲಗಿದವು, ಏಳಲಿಲ್ಲ.

ಪರೀಕ್ಷಕ ಬಂದ. ಬಿಸಿಲಲ್ಲಿ ಬಂದವರಿಗೆ ಬರಿ ನೀರು ಕೊಡುವುದುಂಟೇ? ವರ್ತಕ ಮೊದಲು ಒಂದು ಚೂರು ಬೆಲ್ಲ ಕೈಗಿಟ್ಟ. ಪರೀಕ್ಷಕ ಅದನ್ನು ಬಾಯಿಗೆ ಹಾಕಿಕೊಂಡು, ಮೇಲೆ ನೀರು ಕುಡಿದು, “ಸಿಹಿಯಾಗಿದೆ” ಎಂದ. ಬಂದಾಗಲೆಲ್ಲ ಹಾಗೆಯೇ.

ಮಗುವನ್ನು ಮಣ್ಣು ಮಾಡಿ ಬಂದ ತಾಯಿಯೊಬ್ಬಳು ಕೊಡ ಹೊತ್ತು ಅವನನ್ನು ಅಡ್ಡಗಟ್ಟಿದಳು.

“ನನ್ನ ಮನೆಯ ನೀರು ಒಂದು ಗುಟುಕು ಕುಡಿದು ನೋಡಿ ನನ್ನಪ್ಪಾ. ಇನ್ನೊಂದು ಕೂಸಿದೆ ನನಗೆ.”

“ಪರೀಕ್ಷೆ ಮಾಡಬೇಕಾದದ್ದು ಬಾವಿಕಟ್ಟೆಯಲ್ಲಿ, ತಾಯೀ. ನೀನು ಕೊಡ ತೊಳೆದುಕೋ.”

ಅವಳು ತೊಳೆದಳು, ಅದೇ ಬಾವಿಯ ನೀರಿನಲ್ಲಿ. ಆ ಕೂಸೂ ಹೋಯಿತು. ಆಮೇಲೆ ಊರೇ ಹೋಯಿತು.

“ನೋಡು, ಬೆಲ್ಲ ತಿಂದ ಬಾಯಿಗೆ ಕಹಿ ತಿಳಿಯಲಿಲ್ಲ,” ಎಂದು ಅಜ್ಜ ಮುಗಿಸಿದ.

ದಾಕ್ಷಾಯಣಿ ಬಿಡಲಿಲ್ಲ. “ಸಿಕ್ಕಿಬಿದ್ದಿರಿ ಅಜ್ಜಾ! ಲಾಡು ತಿಂದ ಮೇಲೆ ಚಹಾ ಕೂಡ ಕಹಿ ಎನಿಸುತ್ತದೆ. ಬೆಲ್ಲ ತಿಂದವನಿಗೆ ಆ ನೀರಿನ ಕಹಿ ಇನ್ನೂ ಹೆಚ್ಚೇ ತಿಳಿದಿರಬೇಕು.”

ಅಜ್ಜ ಹೆಗಲು ಕುಣಿಸಿದ.

“ತಿಳಿದಿತ್ತು ತಂಗೀ, ಆದರೆ ಬೆಲ್ಲ ಕೊಟ್ಟವನ ಮುಂದೆ ‘ನಿನ್ನ ನೀರು ಕಹಿ’ ಎನ್ನಲು ಬಾಯಿ ಬರಲಿಲ್ಲ.”