ಹೇಳಲಿಕ್ಕೆ ಏನೂ ಇಲ್ಲದ ಇಂಜಿನ್

"ಅಮ್ಮಾ, ಒಬ್ಬ ಮನುಷ್ಯ ಗಟ್ಟಿಯೋ ಪೊಳ್ಳೋ ಅಂತ ತಿಳಿಯುವುದು ಹೇಗೆ?" ಎಂದು ಅಣ್ಣಪ್ಪ ಕೇಳಿದ.

ಬಾಯಿ ಕೇಳಿದ್ದು ಅದು. ಹೊಟ್ಟೆಯೊಳಗೆ ಇದ್ದದ್ದು ಬೇರೆ. ದೋಣಿಗಳು ಬಂದು ನಿಲ್ಲುವ ದಕ್ಕೆಯ ಹಿಂದಿನ ಭಜನಾ ಮಂದಿರದ ಗುರುವಮ್ಮನಿಗೆ ಎಂಬತ್ತು ದಾಟಿತ್ತು. ಅವಳ ನಂತರ ತಂಬೂರಿ ಯಾರ ಕೈಗೆ ಎಂದು ಊರಿಗೆ ಊರೇ ಕಿವಿ ನಿಮಿರಿಸಿಕೊಂಡಿತ್ತು. ಅಣ್ಣಪ್ಪ ಹನ್ನೆರಡು ವರ್ಷದ ಶಿಷ್ಯ. ಸಂಜೆ ಆರಕ್ಕೆ ಸರಿಯಾಗಿ ಬರುವವನು. ಮಡಿ ಪಂಚೆ, ಹಣೆಗೆ ಗಂಧ, ಬಾಯಲ್ಲಿ ದೇವರ ಹೆಸರು. ಯಾವುದೂ ಒಂದು ದಿನ ತಪ್ಪಿದ್ದಿಲ್ಲ.

ಗುರುವಮ್ಮ ಎಲೆಗೆ ಸುಣ್ಣ ಸವರಿ ಬಾಯಿಗೆ ಹಾಕಿಕೊಂಡಳು. "ಕೂತುಕೋ. ಒಂದು ಇಂಜಿನ್ನಿನ ಕತೆ ಹೇಳುತ್ತೇನೆ," ಎಂದಳು.

ಒಬ್ಬ ಮೀನುಗಾರನಿದ್ದ. ಅವನ ದೋಣಿ ಗಟ್ಟಿಯಾಗಿತ್ತು, ಇಂಜಿನ್ ಸತ್ತಿತ್ತು. ಸತ್ತದ್ದಾದರೂ ಎಲ್ಲಿ? ಅಳಿವೆಯಲ್ಲಿ, ಹೊಳೆ ಹೋಗಿ ಸಮುದ್ರಕ್ಕೆ ಬೀಳುವ ಬಾಯಲ್ಲಿ. ಅಲ್ಲಿ ಇಂಜಿನ್ ಕೈಕೊಟ್ಟರೆ ದೋಣಿ ಕಲ್ಲಿಗೆ, ಜನ ನೀರಿಗೆ. ಆ ದಿನ ಹಿಂದಿನ ದೋಣಿಯವರು ಹಗ್ಗ ಎಸೆದು ಎಳೆದರು. ಆರು ಜೀವ ಉಳಿಯಿತು. ಅದರಲ್ಲಿ ಒಂದು ಅವನ ಹೆಂಡತಿಯ ತಮ್ಮನದು.

ಹೆಂಡತಿ ಕೈಯ ನಾಲ್ಕು ಬಳೆ ಬಿಚ್ಚಿ ಅವನ ಮುಂದಿಟ್ಟಳು. "ಹೊಸ ಇಂಜಿನ್ ನಮಗೆ ಎಟುಕುವುದಲ್ಲ. ಹಳೆಯದೇ ತಗೊಂಡು ಬಾ. ಆದರೆ ಅಳಿವೆಯಲ್ಲಿ ನಿಂತುಹೋಗುವಂಥದ್ದನ್ನು ತಂದರೆ ನನ್ನ ತಮ್ಮನನ್ನು ಆ ದೋಣಿ ಹತ್ತಿಸಬೇಡ. ನೀನೂ ಹತ್ತಬೇಡ," ಎಂದಳು.

ಮೀನುಗಾರನಿಗೆ ತನ್ನ ಕಿವಿಯ ಮೇಲೆ ಬಹಳ ಜಂಬ. ಇಂಜಿನ್ ಕೆಮ್ಮಿದರೆ ಯಾವ ಪಕ್ಕೆಲುಬಿನಲ್ಲಿ ಕಫ ಎಂದು ಹೇಳುತ್ತೇನೆ ಅನ್ನುವ ಜಾತಿ. ಪಕ್ಕದ ಬಂದರಿನ ಒಬ್ಬ ಸಾಹುಕಾರ ಇಂಜಿನ್ ಮಾರುತ್ತಾನೆಂದು ತಿಳಿಯಿತು. ಇಂಥ ದಿನ ಹತ್ತು ಗಂಟೆಗೆ ಬರುತ್ತೇನೆಂದು ಹೇಳಿ ಕಳಿಸಿದ. ಹಾಗೆಯೇ ಹೋದ.

ಸಾಹುಕಾರನಿಗೆ ಬಿಳಿ ಅಂಗಿ, ಇಂಜಿನ್ನಿಗೆ ಹಸಿರು ಬಣ್ಣ. ಎರಡೂ ಹೊಸತು.

"ಎರಡೇ ಸೀಸನ್ ಓಡಿದ್ದು," ಎಂದ ಸಾಹುಕಾರ. "ಮೀನಿಗೆ ಬಿಟ್ಟರೆ ಬೇರೆ ಯಾವುದಕ್ಕೂ ಹೊರಡಿಸಿದವನಲ್ಲ ನಾನು. ದೇವರಾಣೆ."

ಮೀನುಗಾರ ದೋಣಿಯ ಹಲಗೆ ಎತ್ತಿ ಕೆಳಗಿಳಿದ. ಇಂಜಿನ್ನಿನ ಮೈ ಮುಟ್ಟಿದ. ಬೆಚ್ಚಗಿತ್ತು.

"ಬಿಸಿ ಉಂಟಲ್ಲ?"

"ಬಿಸಿಲು ಮಾರಾಯಾ. ಕಬ್ಬಿಣ ಅಲ್ಲವಾ?"

ಇಬ್ಬರೂ ನಕ್ಕರು. ಇಂಜಿನ್ ಮುಟ್ಟಿದ ಕೂಡಲೇ ಹೊರಟಿತು. ಮೀನುಗಾರ ಎಣ್ಣೆ ತೆಗೆದು ಬೆರಳಲ್ಲಿ ಉಜ್ಜಿದ. ನೀರು ಬೆರೆತ ಬಿಳುಪಿಲ್ಲ, ಕಬ್ಬಿಣದ ಪುಡಿ ಇಲ್ಲ. ಹೊಗೆ ನೋಡಿದ. ಹೊಗೆ ತೆಳ್ಳಗೆ. ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ ಇಟ್ಟು ಹಿಡಿಗೆ ಕಿವಿ ಕೊಟ್ಟ. ಒಳಗೆ ಮಳೆ ಹನಿದ ಹಾಗೆ ಒಂದೇ ತಾಳ. ಅವನಿಗೆ ಖುಷಿಯಾಯಿತು. ನಾಳೆ ಹತ್ತು ಗಂಟೆಗೆ ದುಡ್ಡು ತರುತ್ತೇನೆಂದು ಕೈಮೇಲೆ ಕೈ ಹಾಕಿದ.

ಪಕ್ಕದ ದೋಣಿಯಲ್ಲಿ ಇನ್ನೊಂದು ಇಂಜಿನ್ನೂ ಮಾರಾಟಕ್ಕಿತ್ತು. ಮೊಣಕಾಲು ಸೋತು ಸಮುದ್ರ ಬಿಟ್ಟ ಒಬ್ಬ ಮುದುಕನದು. ತುಕ್ಕಿನ ಬಣ್ಣ, ಮೈತುಂಬ ಎಣ್ಣೆಯ ಕಲೆ. ಮುದುಕ ಬಾ ಎನ್ನಲಿಲ್ಲ, ನಗಲೂ ಇಲ್ಲ. ಇದನ್ನು ಗುಜರಿಯವನೂ ಮುಟ್ಟುವುದಿಲ್ಲ ಎಂದುಕೊಂಡು ಮೀನುಗಾರ ದಾಟಿ ಬಂದ.

ದಡದಲ್ಲಿ ಒಬ್ಬ ಅಜ್ಜಿ ಚಾಪೆಯ ಮೇಲೆ ಮೀನು ಒಣಗಿಸುತ್ತ ಕಾಗೆ ಓಡಿಸುತ್ತಿದ್ದಳು. ಅವನು ಕೈ ತೊಳೆಯಲು ಬಗ್ಗಿದ.

"ಹೆಣ್ಣು ನೋಡಿ ಆಯಿತಾ?" ಎಂದಳು.

"ಎಂತ ಹೆಣ್ಣು ಅಜ್ಜಿ? ನಾನು ಇಂಜಿನ್ ನೋಡಲಿಕ್ಕೆ ಬಂದದ್ದು."

"ಎರಡೂ ಒಂದೇ. ಬಣ್ಣ ಬಳಿದು ಹತ್ತು ಗಂಟೆಗೆ ಎದುರಿಗೆ ಕೂರಿಸುವುದು. ಎದ್ದ ಮುಖ ನೋಡಿದವರು ಯಾರು? ಎಷ್ಟು ಸೀಸನ್ ಓಡಿದ್ದಂತೆ?"

"ಎರಡು."

ಅಜ್ಜಿ ಕಾಗೆಗೆ ಎತ್ತಿದ ಕೋಲು ಕೆಳಗಿಟ್ಟಳು. ಅವಳ ಮುಖ ಹಬ್ಬದ ದಿನದ ಹಾಗಾಯಿತು.

"ಮೀನಿಗೆ ಎರಡು. ಆಚೆ ದಡಕ್ಕೆ ಹೋದದ್ದನ್ನು ಎಣಿಸುವವರು ಯಾರು? ಅಲ್ಲೊಂದು ಹಂಚಿನ ಮನೆ ಉಂಟು. ಮನೆಯೊಳಗೆ ಒಬ್ಬಳು ಇದ್ದಾಳೆ. ಅವನ ಹೆಂಡತಿಯೊಬ್ಬಳನ್ನು ಬಿಟ್ಟು ಇಡೀ ದಕ್ಕೆಗೆ ಗೊತ್ತು. ವಾರಕ್ಕೆ ನಾಲ್ಕು ಸಂಜೆ ಹೊರಡುತ್ತಾನೆ. ಬಲೆ ಇಲ್ಲ, ಮಂಜುಗಡ್ಡೆ ಇಲ್ಲ, ಕಂಕುಳಿಗೆ ಸೆಂಟು! ಅದು ಯಾವ ಮೀನು ಮಾರಾಯಾ, ಸೆಂಟಿಗೆ ಬೀಳುವುದು?"

ಮೀನುಗಾರನಿಗೆ ನಾಚಿಕೆಯೂ ಆಯಿತು, ಇನ್ನೂ ನಾಲ್ಕು ಮಾತು ಕೇಳುವ ಆಸೆಯೂ ಆಯಿತು. "ಆದರೆ ಇಂಜಿನ್ ಒಂದೇ ಸಲಕ್ಕೆ ಹೊರಟಿತಲ್ಲ ಅಜ್ಜಿ?"

"ಹೊರಡದೆ? ನೀನು ಬರುವ ಮುಂಚೆ ಎರಡು ತಾಸು ಅದರ ಬಾಣಂತನ ಮಾಡಿದ್ದಾರೆ."

"ಹಾಗಾದರೆ ಆ ಪಕ್ಕದ್ದು ಹೇಗೆ? ಮುದುಕನದು?"

ಅಜ್ಜಿಯ ಮುಖ ಸಪ್ಪಗಾಯಿತು. ಕೋಲು ಮತ್ತೆ ಕೈಗೆ ಬಂತು. "ಅದರ ಮೇಲೆ ಹೇಳಲಿಕ್ಕೆ ನನಗೆ ಎಂತದ್ದೂ ಇಲ್ಲ," ಎಂದಳು.

ಒಂದು ಮಾತಿಗೂ ಯೋಗ್ಯವಲ್ಲದ ವಸ್ತು ಎಂದು ಅವನು ತಿಳಿದ. ಅಜ್ಜಿಯರ ಬಾಯಿ, ನಂಬುವುದು ಎಷ್ಟು, ಬಿಡುವುದು ಎಷ್ಟು ಎಂದೂ ಅಂದುಕೊಂಡ. ಊರ ದಾರಿ ಹಿಡಿದ. ಅರ್ಧ ದಾರಿಯಲ್ಲಿ ಅವನ ಅಂಗೈಗೆ ಆ ಬಿಸಿ ನೆನಪಾಯಿತು. ಬಿಸಿಲು ಎಂದಿದ್ದ ಸಾಹುಕಾರ. ಇಂಜಿನ್ ಇದ್ದದ್ದು ಹಲಗೆಯ ಕೆಳಗೆ. ಹಲಗೆ ಎತ್ತಿದ್ದು ತಾನೇ. ಅಲ್ಲಿಗೆ ಬಿಸಿಲು ಎಲ್ಲಿಂದ ಬರಬೇಕು?

ಮರುದಿನ ಯಾರಿಗೂ ಹೇಳದೆ, ಸೂರ್ಯ ಹುಟ್ಟುವ ಹೊತ್ತಿಗೆ ಬಂದು, ದಕ್ಕೆಗೆ ಎದುರಾಗಿದ್ದ ಅಜ್ಜಿಯ ಮನೆಯ ಜಗಲಿಯಲ್ಲಿ ಕೂತ. ಅವಳು ಕರಿ ಚಹಾದ ಎರಡು ಲೋಟ ಹಿಡಿದೇ ಹೊರಗೆ ಬಂದಳು. "ಬರುತ್ತೀ ಅಂತ ಗೊತ್ತಿತ್ತು. ಕಣ್ಣು ಬೇಡ, ಕಿವಿ ಇಟ್ಟುಕೋ," ಎಂದಳು.

ಮೊದಲು ಮುದುಕ ಬಂದ. ಮೊಣಕಾಲು ಹಿಡಿದುಕೊಂಡು ದೋಣಿಗೆ ಇಳಿದ. ತಣ್ಣಗೆ ಮಲಗಿದ್ದ ಇಂಜಿನ್ ಒಂದೇ ಸಲಕ್ಕೆ ಎದ್ದಿತು. ಸಮುದ್ರಕ್ಕೆ ಹೋಗುವುದಿಲ್ಲ, ಕೊಳ್ಳುವವರೂ ಕಾಣುವುದಿಲ್ಲ. ಆದರೂ ಹತ್ತು ನಿಮಿಷ ಓಡಿಸಿ, ನಿಲ್ಲಿಸಿ, ಮನೆಗೆ ಹೋದ. ಅದು ಅವನ ರೂಢಿ.

ಆಮೇಲೆ ಸಾಹುಕಾರನ ಇಬ್ಬರು ಆಳುಗಳು ಬಂದರು. ಹಸಿರು ಇಂಜಿನ್ ಕೆಮ್ಮಿತು, ನಿಂತಿತು. ಮತ್ತೆ ಕೆಮ್ಮಿತು, ಬಿಳಿ ಹೊಗೆ ಉಗುಳಿತು, ನಿಂತಿತು. ಒಬ್ಬ ಸೀಮೆಎಣ್ಣೆಯ ಬಟ್ಟೆಗೆ ಬೆಂಕಿ ಹಚ್ಚಿ, ಇಂಜಿನ್ ಗಾಳಿ ಎಳೆಯುವ ಬಾಯಿಗೆ ಹಿಡಿದ. ಇನ್ನೊಬ್ಬ ಅದರ ಅಜ್ಜ ಮುತ್ತಜ್ಜರನ್ನೆಲ್ಲ ಕರೆದು ಬೈದ. ಹನ್ನೊಂದನೆಯ ಸಲಕ್ಕೆ ಅದು ಎದ್ದಿತು. ಅಳಿವೆಯಲ್ಲಿ ಹನ್ನೊಂದು ಸಲಕ್ಕೆ ಯಾವ ಅಲೆ ಕಾಯುತ್ತದೆ ಎಂದು ಮೀನುಗಾರ ಯೋಚಿಸಿದ. ಕೈಯ ಚಹಾ ಆರಿಹೋಗಿತ್ತು.

"ಅಜ್ಜಿ, ಇಂಥ ಇಂಜಿನ್ ಪಕ್ಕದಲ್ಲೇ ಇರುವಾಗ ಅದರ ಮೇಲೆ ಹೇಳಲಿಕ್ಕೆ ಎಂತದ್ದೂ ಇಲ್ಲ ಅಂದೆಯಲ್ಲ ನಿನ್ನೆ?"

"ಇಲ್ಲ ಮತ್ತೆ! ಹದಿನಾಲ್ಕು ವರ್ಷದಿಂದ ಇದೇ ಜಗಲಿಯಲ್ಲಿ ಕೂತಿದ್ದೇನೆ. ಈ ದಕ್ಕೆಯಲ್ಲಿ ನನ್ನ ಬಾಯಿಗೆ ಸಿಗದೆ ಉಳಿದದ್ದು ಅದೊಂದೇ ದರಿದ್ರದ್ದು."

ಮೀನುಗಾರ ಮುದುಕನ ಮನೆ ಹುಡುಕಿಕೊಂಡು ಹೋದ. ಮುದುಕ ಇಂಜಿನ್ನನ್ನು ಹೊಗಳಲಿಲ್ಲ. "ಎಣ್ಣೆ ಸ್ವಲ್ಪ ಸೋರುತ್ತದೆ. ಕೆಳಗೆ ಒಂದು ಡಬ್ಬ ಇಡು," ಎಂದ. ವ್ಯಾಪಾರ ಮುಗಿಯಿತು. ಹತ್ತು ಗಂಟೆಗೆ ಸಾಹುಕಾರ ಬಿಳಿ ಅಂಗಿ ಹಾಕಿಕೊಂಡು ಹನ್ನೆರಡರವರೆಗೆ ಕಾದನಂತೆ. ಅದನ್ನು ಅಜ್ಜಿ ಎರಡು ವಾರ ಹೇಳಿಕೊಂಡು ತಿರುಗಿದಳು.

ಸೀಸನ್ ಶುರುವಾದ ದಿನ ಹೆಂಡತಿ ತಾನೇ ತಮ್ಮನನ್ನು ದೋಣಿ ಹತ್ತಿಸಿ ದಡದಲ್ಲಿ ನಿಂತಳು. ಅಳಿವೆಯಲ್ಲಿ ಅಲೆ ಎದ್ದಿತು. ಇಂಜಿನ್ ದನಿ ಬದಲಿಸಲಿಲ್ಲ. ದೋಣಿ ದಾಟಿತು. ಅವಳು ಬರಿಗೈ ಬೀಸುತ್ತ ಮನೆಗೆ ಹೋಗಿ ಗಂಜಿಗೆ ಇಟ್ಟಳು. ಕತೆ ಇಷ್ಟೇ.

ಗುರುವಮ್ಮ ಎಲೆ ಅಡಿಕೆ ಉಗಿದು ಬಂದು ಕೂತಳು. ಅಣ್ಣಪ್ಪನ ಮುಖ ಅರಳಿತ್ತು.

"ಚಂದದ ಕತೆ ಅಮ್ಮಾ," ಎಂದ. "ನನ್ನನ್ನೂ ಹಾಗೆಯೇ ಪರೀಕ್ಷೆ ಮಾಡಿ. ಹನ್ನೆರಡು ವರ್ಷದಲ್ಲಿ ಒಂದೇ ಒಂದು ಸಂಜೆ ನಾನು ಕೆಮ್ಮಿದ್ದು ಕಂಡಿದ್ದೀರಾ?" ಹೇಳುತ್ತ ಹೇಳುತ್ತ ಅವನ ಕೈ ತಂಬೂರಿಯ ಕಡೆ ಹೋಗಿತ್ತು.

ಗುರುವಮ್ಮ ನಕ್ಕಳು.

"ಸಂಜೆಯದು ಇರಲಿ ಅಣ್ಣಪ್ಪಾ, ಬೆಳಿಗ್ಗೆ ನಿಮ್ಮ ಪಕ್ಕದ ಮನೆಯ ಜಗಲಿಯಲ್ಲಿ ಯಾರು ಕೂತಿರುತ್ತಾರೆ?"